ಗುಡುಗು ನಿಂತ ಮೇಲೆ ಸತ್ತ ಫೋನು

ಸುಪ್ರಿಯಾಳಷ್ಟು ಪುಕ್ಕಲು ಮನುಷ್ಯರನ್ನು ಬಣಕಲ್ಲಿನ ಸುತ್ತಮುತ್ತ ನಾನು ಇನ್ನೊಬ್ಬರನ್ನು ಕಂಡಿಲ್ಲ. ಹಾವಿಗೆ ಹೆದರುವವರಿದ್ದಾರೆ, ಕಾಡುಕೋಣಕ್ಕೆ ಹೆದರುವವರಿದ್ದಾರೆ, ಹೆಂಡತಿಗೆ ಹೆದರುವವರಂತೂ ನನ್ನನ್ನೂ ಸೇರಿಸಿ ಬೇಕಾದಷ್ಟು ಮಂದಿ ಇದ್ದಾರೆ. ಇವಳು ಇನ್ನೂ ಆಗದೇ ಇರುವುದಕ್ಕೆ ಹೆದರುವವಳು. ಬಸ್ಸು ಹತ್ತಿದರೆ ಬ್ರೇಕಿನ ಯೋಚನೆ, ಕಾಫಿ ಲೋಟ ಎತ್ತಿದರೆ ಒಳಗೆ ಇರುವೆ ಬಿದ್ದಿದೆಯೇನೋ ಎಂಬ ಯೋಚನೆ. ಇಂಥವಳು ಆಕಾಶದ ಉಪಗ್ರಹದ ಜೊತೆ ಮಾತಾಡುವ ಯಂತ್ರಕ್ಕೆ ಪ್ರೋಗ್ರಾಮು ಬರೆದಳು, ನಮ್ಮ ಗುಡ್ಡಗಳಿಗೆ ತಂತಿಯಿಲ್ಲದ ಫೋನು ತಂದಳು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಹೆದರಿಕೆ ಎಂದರೆ ಏನೆಂದು ಅವರಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ, ಆ ಏಪ್ರಿಲ್ ತಿಂಗಳ ಮಧ್ಯಾಹ್ನದವರೆಗೆ.

ನಾನು ಸೋಮಶೇಖರಪ್ಪ. ಬಣಕಲ್ಲಿನ ರಸ್ತೆ ಬದಿಯಲ್ಲಿ ಎಸ್‌ಟಿಡಿ ಬೂತು ಇಟ್ಟುಕೊಂಡಿದ್ದೆ, ಜೊತೆಗೊಂದು ಜೀಪು ಓಡಿಸುತ್ತಿದ್ದೆ. ಸುಪ್ರಿಯಾಳ ತಂದೆ ಬಸವರಾಜಪ್ಪ ನನಗೆ ದೊಡ್ಡಪ್ಪನ ಮಗ, ಆದ್ದರಿಂದ ಅವಳಿಗೆ ನಾನು ಚಿಕ್ಕಪ್ಪ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಕಬ್ಬಿಣದ ಸಾಮಾನಿನ ಅಂಗಡಿ. ಅವಳು ಇನ್ನೂ ಶಾಲೆಗೆ ಸೇರದ ವಯಸ್ಸಿನಲ್ಲಿ ಒಂದು ದಿನ ಗಲ್ಲಾದ ಪಕ್ಕ ಕೂತು ಮೊಳೆ ಆರಿಸಿ ಆಡುತ್ತಿದ್ದಳಂತೆ. ಅವಳಪ್ಪ ರಿಸೀವರನ್ನು ಕಿವಿಗೆ ಒತ್ತಿಕೊಂಡು ಶಿವಮೊಗ್ಗದ ವ್ಯಾಪಾರಿಯ ಜೊತೆ ಜಗಳಕ್ಕೆ ಬಿದ್ದಿದ್ದ. ಹೊರಗೆ ಗುಡುಗುತ್ತಿತ್ತು. ಸಿಡಿಲು ಎಲ್ಲೋ ದೂರದ ಕಂಬಕ್ಕೆ ಹೊಡೆದು ತಂತಿ ಹಿಡಿದು ನೇರ ಅವನ ಕಿವಿಗೇ ಬಂತು. ಪುಣ್ಯಕ್ಕೆ ಜೀವ ಉಳಿಯಿತು, ಆದರೆ ಎಡಗಿವಿ ಹೋಯಿತು. ಮಗಳು ಎರಡು ದಿನ ಮಾತಾಡಲಿಲ್ಲ.

ಗುಡುಗು ಕೇಳಿದ ಕೂಡಲೇ ಪ್ಲಗ್ಗು ಕೀಳುವುದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ. ಟಿವಿ, ಫೋನು, ಮಿಕ್ಸಿ, ಯಾವುದನ್ನೂ ಬಿಡುವುದಿಲ್ಲ. ಬಸವರಾಜಪ್ಪನ ಹೆಂಡತಿ ಗಿರಿಜಾಂಬಾ ಮಾತ್ರ ಆ ದಿನದ ಮೇಲೆ ಬಲ್ಬನ್ನೂ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು ಕೂರುವಷ್ಟಕ್ಕೆ ಬಂದಳು. ಮಗಳು ಮಂಚದ ಕೆಳಗೆ. ಪಿಯುಸಿ ಓದುವ ಹುಡುಗಿ ಮಂಚದ ಕೆಳಗೆ ಕಾಲು ಮಡಚಿಕೊಂಡು ಕೂತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹಾಗಿದ್ದವಳು ಚಿಕ್ಕಮಗಳೂರಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್‌ಗೆ ಸೇರುತ್ತೇನೆ ಎಂದಾಗ ನನಗೆ ತಡೆಯಲಾಗಲಿಲ್ಲ.

"ಅಲ್ವೇ ಮಾರಾಯ್ತಿ, ಗುಡುಗಿಗೆ ಮಂಚದ ಅಡಿ ಸೇರೋಳು ನೀನು. ಆಂಟೆನಾ ಓದ್ತೀಯಂತೆ?"

"ಅದಕ್ಕೇ ಓದೋದು ಚಿಕ್ಕಪ್ಪ. ಒಳಗೆ ಏನಿದೆ ಅಂತ ಗೊತ್ತಾದ್ರೆ ಹೆದರಿಕೆ ಕಮ್ಮಿ ಆಗ್ತದೆ."

ಓದು ಮುಗಿಸಿ ಬಂದ ಮೇಲೆ ಕೇಳಿದೆ, ಕಮ್ಮಿ ಆಯಿತೇನೆ ಎಂದು. "ಜಾಸ್ತಿ ಆಯ್ತು" ಎಂದಳು. ಏನೇನು ಕೆಡಬಹುದು ಎಂದು ಈಗ ಸರಿಯಾಗಿ ಗೊತ್ತಾಗಿದೆಯಂತೆ.

ಕೆಲಸ ಸಿಕ್ಕಿದ್ದು ಡಿಶ್ ಆಂಟೆನಾ ಮೂಲಕ ಉಪಗ್ರಹಕ್ಕೆ ಮಾತು ಕಳಿಸುವ ಯಂತ್ರಗಳನ್ನು ಮಾಡುವ ಒಂದು ಕಂಪನಿಯಲ್ಲಿ. ತೊಂಬತ್ತೈದನೇ ಇಸವಿ ಇರಬೇಕು. ಫೋನಿನ ತಂತಿ ಎಳೆಯಲಾಗದ ಜಾಗಗಳಿಗೆ ಆ ಡಿಶ್ಶೇ ಗತಿ. ಆದರೆ ದಟ್ಟ ಮಳೆ ಬಂದರೆ ಆಕಾಶದಿಂದ ಬರುವ ಸಿಗ್ನಲ್ಲು ಸೊರಗುತ್ತದೆ, ಯಂತ್ರ ಕೈಚೆಲ್ಲಿ ಕೂರುತ್ತದೆ. ಬಯಲುಸೀಮೆಯಲ್ಲಿ ಅದು ಯಾರಿಗೂ ದೊಡ್ಡ ವಿಷಯವಲ್ಲ, ಗಂಟೆಯೊಳಗೆ ಮಳೆ ನಿಲ್ಲುತ್ತದೆ. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದರೆ ಬಿಡುವುದು ಗಣೇಶನ ಹಬ್ಬಕ್ಕೆ. ಅದಕ್ಕೆಂದೇ ಕಂಪನಿಯವರು ಅವಳನ್ನು ಒಂದು ಮಳೆಗಾಲ ಪೂರ್ತಿ ಕುದುರೆಮುಖದಲ್ಲಿ ಇರಿಸಿದರು. ಅಲ್ಲಿ ಆಗ ಇನ್ನೂ ಗಣಿ ನಡೆಯುತ್ತಿತ್ತು, ಊರು ಊರಾಗಿತ್ತು. ಮಾಳಿಗೆಯ ಮೇಲೆ ಡಿಶ್, ಕೆಳಗೆ ಕಂಬಳಿ ಹೊದ್ದು ಇವಳು. ಮಳೆ ಜೋರಾದರೆ ಯಂತ್ರ ಸುಮ್ಮನಾಗುವ ಬದಲು ಮಾತನ್ನು ನಿಧಾನ ಮಾಡಿ, ಹೇಳಿದ್ದನ್ನೇ ಮತ್ತೊಮ್ಮೆ ಹೇಳಿ ದಾಟಿಸುವ ಹಾಗೆ ಪ್ರೋಗ್ರಾಮು ಬರೆದಳು. ಕಿವಿ ಮಂದವಿದ್ದವರ ಹತ್ತಿರ ಮಾತಾಡಿ ಅಭ್ಯಾಸವಿದ್ದವಳಿಗೆ ಅದು ಹೊಳೆಯದೆ ಇನ್ಯಾರಿಗೆ ಹೊಳೆಯಬೇಕು? ಆ ಪ್ರೋಗ್ರಾಮು ಆಮೇಲೆ ಅಸ್ಸಾಮಿನ ಟೀ ತೋಟಗಳಿಗೂ ಹೋಯಿತಂತೆ.

ಅವಳ ಹೆದರಿಕೆ ಒಂದು ಕೆಲಸಕ್ಕೆ ಬರುತ್ತದೆ ಎಂದು ನಾನು ಒಪ್ಪಿಕೊಂಡಿದ್ದು ಆಗಲೇ. ಉಳಿದ ಎಂಜಿನಿಯರುಗಳು ಯಂತ್ರ ಓಡಿದರೆ ಸಾಕು, ಕೈ ಕೊಡವಿಕೊಂಡು ಟೀ ಕುಡಿಯಲು ಹೋಗುವವರು. ಇವಳು ಓಡುವ ಯಂತ್ರದ ಮುಂದೆ ಕೂತು, ಈಗ ನಿಂತರೆ? ಈಗ ನಿಂತರೆ? ಎಂದು ಉಗುರು ಕಚ್ಚುವವಳು.

ಎರಡು ಸಾವಿರದ ಎರಡರಲ್ಲಿ ಅವಳು ಬೇರೆ ಕಂಪನಿಗೆ ಹೋದಳು. ಅದು ಹಳ್ಳಿ ಮನೆಗಳಿಗೆ ತಂತಿಯಿಲ್ಲದ ಫೋನು ಕೊಡುವ ಕಂಪನಿ. ಗುಡ್ಡದ ಮೇಲೊಂದು ಟವರು, ಮನೆಮನೆಯಲ್ಲಿ ಪುಟ್ಟ ಆಂಟೆನಾ ಇರುವ ಡಬ್ಬಿ ಫೋನು. ಟವರಿನ ಯಂತ್ರಕ್ಕೆ ಪ್ರೋಗ್ರಾಮು ಬರೆದವಳು ಇವಳೇ. ಟವರಿಗೆ ಜಾಗ ಹುಡುಕುತ್ತಾ ಬಂದು ನಿಂತಿದ್ದು ಎಲ್ಲಿ ಅಂತೀರಿ? ನನ್ನ ಬೂತಿನ ಹಿಂದಿನ ದಿಬ್ಬಕ್ಕೆ. ಯಂತ್ರ ಇಡುವ ಕೋಣೆಯೂ ನನ್ನದೇ ಕಟ್ಟಡದ ಹಿಂಭಾಗ. ಮನೆಮನೆಗೆ ಫೋನು ಬಂದರೆ ನನ್ನ ಬೂತಿಗೆ ಯಾರು ಬರುತ್ತಾರೆ? "ನನ್ನ ಅನ್ನದ ತಟ್ಟೆ ಕಸಿಯೋಕೆ ನನ್ನ ಮನೇಲೇ ಬಂದು ಕೂತೆಯಲ್ಲೇ" ಎಂದು ಕೂಗಾಡಿದೆ. ಅವಳು ನಗಲಿಲ್ಲ, ಗಾಬರಿಯಾದಳು. ಅವಳಿಗೆ ತಮಾಷೆಯೂ ಹೆದರಿಕೆಯೇ.

ಆ ಫೋನಿನಲ್ಲಿ ಕಂಪನಿ ಕೇಳದೇ ಇದ್ದದ್ದೊಂದನ್ನು ಅವಳು ತಾನಾಗಿ ಸೇರಿಸಿದ್ದಳು. ಮೂಲೆಯ ಒಂದು ಗುಂಡಿಗೆ ಕೆಂಪು ಕಾಗದ ಅಂಟಿಸಿ, ಅದನ್ನು ಒತ್ತಿದರೆ ನಂಬರು ತಿರುಗಿಸುವ ತಾಪತ್ರಯವಿಲ್ಲದೆ ನೇರ ನನ್ನ ಬೂತಿನಲ್ಲಿ ಗಂಟೆ ಬಾರಿಸುವ ಹಾಗೆ ಮಾಡಿದಳು. ನಾನು ಜೀಪು ತೆಗೆದುಕೊಂಡು ಹೋಗಬೇಕು. ಗುಡ್ಡದ ಒಂಟಿ ಮನೆಗಳಿಗೆ ಇದು ದೊಡ್ಡ ಧೈರ್ಯ. ಒಂದೊಂದು ಮನೆಗೂ ಅವಳೇ ನನ್ನ ಜೀಪಿನಲ್ಲಿ ಬಂದು ಫೋನು ಹಾಕಿಸಿ, ಗುಂಡಿ ತೋರಿಸಿ, ಮನೆಯವರ ಕೈಯಲ್ಲಿ ಒತ್ತಿಸಿ ನೋಡುತ್ತಿದ್ದಳು. ಹೊರಡುವ ಮುಂಚೆ ಕೊನೆಯ ಮಾತು ಎಲ್ಲ ಕಡೆ ಒಂದೇ. "ಗುಡುಗು ಬಂದ್ರೆ ಪ್ಲಗ್ಗು ಕೀಳಿ. ಬ್ಯಾಟರಿ ಸ್ವಿಚ್ಚೂ ಆರಿಸಿ. ಆಂಟೆನಾ ವೈರೂ ತೆಗೀರಿ. ಮರೀಬೇಡಿ." ಮೊದಲೇ ಕೀಳುವ ಜನ. ಈಗ ಎಂಜಿನಿಯರಮ್ಮನೇ ಹೇಳಿದ ಮೇಲೆ ಕೇಳಬೇಕೇ, ಬುಡಸಮೇತ ಕಿತ್ತು ಇಡತೊಡಗಿದರು.

ಹಾಗೆ ಫೋನು ಹಾಕಿಸಿದ ಮನೆಗಳಲ್ಲಿ ಎರಡರ ಬಗ್ಗೆ ಮಾತ್ರ ಇಲ್ಲಿ ಹೇಳಬೇಕು. ಒಂದು ಅವಳ ತಮ್ಮ ಬಸವಪ್ರಸಾದನ ತೋಟದ ಮನೆ, ಬಣಕಲ್ಲಿನಿಂದ ಮೂಡಿಗೆರೆಗೆ ಹೋಗುವ ದಾರಿಯಲ್ಲಿ ಒಳಗೆ. ಅವನ ಹೆಂಡತಿ ಪಂಚಮಿ ನಾನು ಹೇಳಹೊರಟ ಏಪ್ರಿಲ್ ಹೊತ್ತಿಗೆ ತುಂಬಿದ ಬಸುರಿ. ಇನ್ನೊಂದು ಕೆಂಪಯ್ಯನ ಮನೆ, ಅದಕ್ಕೆ ಸರಿಯಾಗಿ ವಿರುದ್ಧ ದಿಕ್ಕಿನಲ್ಲಿ, ಕೊಟ್ಟಿಗೆಹಾರ ದಾಟಿ ಕಳಸದ ರಸ್ತೆಯಲ್ಲಿ ಮೇಲೆ ಹತ್ತಬೇಕು. ಕೆಂಪಯ್ಯ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದು ವಯಸ್ಸಾದ ಮೇಲೆ ಬಿಟ್ಟವನು. ಆ ಗುಡ್ಡದ ಮನೆಗಳಿಗೆಲ್ಲ ಸೇರಿ ಒಂದು ಫೋನು ಎಂದು ಅವನ ಜಗಲಿಯಲ್ಲಿ ಇಟ್ಟಿದ್ದೆವು. ಹೆಂಡತಿ ಮುತ್ತಮ್ಮ ಆ ಫೋನಿಗೆ ದಿನಾ ಬಟ್ಟೆಯಿಂದ ಒರೆಸಿ ಹೂ ಇಡುತ್ತಿದ್ದಳು. ಸುಪ್ರಿಯಾ ಅವಳ ಹೆಬ್ಬೆರಳು ಹಿಡಿದು ಕೆಂಪು ಗುಂಡಿ ಒತ್ತಿಸಿದಾಗ ಬೂತಿನಲ್ಲಿದ್ದ ನನ್ನ ಹೆಂಡತಿ ಅಂಜನಮ್ಮ ಆ ಕಡೆಯಿಂದ "ಹಲೋ" ಎಂದಳು. ಮುತ್ತಮ್ಮ ನಾಚಿಕೊಂಡು ಫೋನಿಗೇ ಕೈ ಮುಗಿದುಬಿಟ್ಟಳು.

ಮಳೆಗಾಲ ಚೆನ್ನಾಗಿ ನಡೆಯಿತು. ಚಳಿಗಾಲವೂ ಸರಿ. ಇಲ್ಲೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಮ್ಮ ದೊಡ್ಡ ಮಳೆಯಲ್ಲಿ ಗುಡುಗು ಕಮ್ಮಿ, ಬರೀ ಸುರಿಯುವುದು. ಗುಡುಗು, ಸಿಡಿಲು ಎಲ್ಲ ಯುಗಾದಿಯ ಆಸುಪಾಸಿನಲ್ಲಿ, ಕಾಫಿ ಹೂವಿಗೆ ಬರುವ ಮಳೆಗೆ, ಅದರ ಹಿಂದೆಯೇ ಬರುವ ಮಳೆಗೆ. ಹಾಗಾಗಿ ಅಷ್ಟೂ ಫೋನುಗಳು ಒಟ್ಟಿಗೆ ಗುಡುಗು ಕಂಡದ್ದು ಮುಂದಿನ ಏಪ್ರಿಲ್‌ನಲ್ಲೇ.

ಅವತ್ತು ಊಟವಾಗಿ ಸ್ವಲ್ಪ ಹೊತ್ತಿಗೆ ಚಾರ್ಮಾಡಿ ಕಡೆಯಿಂದ ಮೋಡ ಏರಿತು. ಸುಪ್ರಿಯಾ ಯಾವುದೋ ತಪಾಸಣೆಗೆಂದು ಬಂದು ಹಿಂದಿನ ಕೋಣೆಯಲ್ಲಿದ್ದಳು. ಮೊದಲ ಗುಡುಗಿಗೇ ಲೈನ್‌ಮನ್ ಕರೆಂಟು ತೆಗೆದ. ನಾನು ಬೂತಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಹಿಂದೆ ಹೋಗಿ ನೋಡಿದರೆ ಅವಳು ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಎರಡೂ ಕಿವಿ ಮುಚ್ಚಿ ಕೂತಿದ್ದಾಳೆ. ಎದುರಿಗೆ ಬ್ಯಾಟರಿಯ ಮೇಲೆ ಯಂತ್ರ ಗುಂಯ್ ಎನ್ನುತ್ತಿದೆ, ತಲೆಯ ಮೇಲೆ ಅಷ್ಟೆತ್ತರದ ಕಬ್ಬಿಣದ ಟವರು. "ಮಿಂಚು ಹಿಡಿಯೋ ಸಲಾಕೆ ಇದೆ ಚಿಕ್ಕಪ್ಪ, ಏನೂ ಆಗಲ್ಲ" ಎಂದು ನನಗೆ ಹೇಳುವಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಒಂದು ಸಿಡಿಲಂತೂ ಹೆಂಚು ಅಲ್ಲಾಡುವ ಹಾಗೆ ಬಿತ್ತು. ನಾನೂ ಶಿವಶಿವಾ ಎಂದೆ.

ಗುಡುಗು ದೂರವಾಯಿತು, ಮಳೆ ಹನಿಗೆ ಇಳಿಯಿತು, ಕರೆಂಟು ಬಂತು. ಬಲ್ಬು ಹತ್ತಿದ್ದು ನೋಡಿ ನಾನು ಬೂತಿನಲ್ಲಿದ್ದ ಅವಳ ಡಬ್ಬಿ ಫೋನು ಸಿಕ್ಕಿಸಿದೆ. ರಿಸೀವರ್ ಎತ್ತಿದರೆ ಕೀ ಎಂಬ ಶಬ್ದವಿಲ್ಲ. ಹಳೆಯ ತಂತಿಯ ಫೋನಂತೂ ಮೊದಲ ಗಾಳಿಗೇ ಕಂಬ ಬಿದ್ದು ಸತ್ತಿತ್ತು. "ನಿನ್ನ ಫೋನು ಸತ್ತಿದೆ ನೋಡೇ" ಎಂದು ಕೂಗಿದೆ.

ಅವಳು ಯಂತ್ರಕ್ಕೆ ಜೋಡಿಸಿದ ಲ್ಯಾಪ್‌ಟಾಪ್ ತೆರೆದಳು. ಪರದೆಯ ಮೇಲೆ ಸಾಲುಗಳು ಬುಳುಬುಳು ಏಳುತ್ತಿದ್ದವು. ಅವಳು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಅದೇ ಬುಳುಬುಳು. ಇನ್ನೊಮ್ಮೆ ಆರಿಸಿ ಹಚ್ಚಿದಳು. ಅದೇ. ಆಮೇಲೆ ಕೈ ಎತ್ತಿ ಬಾಯಿ ಮುಚ್ಚಿಕೊಂಡಳು.

"ಎಲ್ಲಾರೂ ಒಟ್ಟಿಗೆ ಸಿಕ್ಕಿಸ್ತಿದ್ದಾರೆ ಚಿಕ್ಕಪ್ಪ. ಕರೆಂಟು ಬಂದ ತಕ್ಷಣ."

"ಸಿಕ್ಕಿಸ್ದೆ ಮತ್ತೇನು? ನೀನೇ ಕೀಳಿ ಅಂದಿದ್ದೆ, ಕಿತ್ರು. ಈಗ ಹಾಕ್ತಾರೆ."

ವಿಷಯ ಇಷ್ಟೇ. ಫೋನು ಹಚ್ಚಿದ ಕೂಡಲೇ ಅದು ಟವರಿನ ಹತ್ತಿರ ನಾನು ಬಂದೆ ಎಂದು ಹಾಜರಿ ಹಾಕಿಸಿಕೊಳ್ಳಬೇಕು. ಹಾಜರಿಯಾಗದೆ ಮಾತಿಲ್ಲ. ಇಬ್ಬರು ಒಟ್ಟಿಗೆ ಕೂಗಿದರೆ ಟವರಿಗೆ ಇಬ್ಬರದೂ ಕೇಳಿಸುವುದಿಲ್ಲ, ಇಬ್ಬರೂ ಮತ್ತೆ ಕೂಗುತ್ತಾರೆ. ಈಗ ಗುಡ್ಡದ ಅಷ್ಟೂ ಫೋನುಗಳು ಒಂದೇ ಉಸಿರಿಗೆ ಕೂಗುತ್ತಿದ್ದವು. ಸಂತೆಯ ದಿನ ಕಳಸದ ಕೊನೆಯ ಬಸ್ಸಿನ ಬಾಗಿಲನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಪನಿಯ ಲ್ಯಾಬಿನಲ್ಲಿ ಮೇಜಿನ ಮೇಲೆ ಒಂದಿಷ್ಟು ಫೋನು ಇಟ್ಟುಕೊಂಡು ಒಂದಾದ ಮೇಲೆ ಒಂದನ್ನು ಹಚ್ಚಿ ನೋಡಿದ್ದರಂತೆ, ಎಲ್ಲ ಸರಿಯಿತ್ತಂತೆ. ಅಲ್ಲಿಯವರಿಗೆ ನಮ್ಮ ಪ್ಲಗ್ಗು ಕೀಳುವ ಪದ್ಧತಿ ಗೊತ್ತಿಲ್ಲ, ಸರಿ. ಇವಳಿಗೆ ಗೊತ್ತಿತ್ತು. ಇವಳು ಹುಟ್ಟಿದ್ದೇ ಅದರೊಳಗೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು.

"ನಿಧಾನಕ್ಕೆ ತಾನೇ ಸರಿಹೋಗ್ತದಾ?" ಎಂದೆ.

ಅವಳು ಪರದೆಗೆ ಬಗ್ಗಿದಳು. ಪರದೆಯ ಮೇಲೆ ಬಿಳಿ ಸಾಲುಗಳ ನಡುವೆ ಒಂದು ಕೆಂಪು ಸಾಲು ಎದ್ದು ಹೋಯಿತು. ಮತ್ತೊಂದು. ಕೆಂಪು ಸಾಲು ಎಂದರೆ ಯಾರೋ ಕೆಂಪು ಗುಂಡಿ ಒತ್ತುತ್ತಿದ್ದಾರೆ. ಗದ್ದಲದ ಸಂದಿಯಲ್ಲಿ ಒತ್ತಿದ್ದು ಟವರಿಗೆ ಮುಟ್ಟುತ್ತಿದೆ, ಆದರೆ ಹಾಜರಿಯಾಗದ ಫೋನಿಗೆ ಉತ್ತರ ಕೊಡಲು ಜಾಗವಿಲ್ಲ. ಅವರ ಕಿವಿಯಲ್ಲಿ ಏನೂ ಕೇಳಿಸುವುದಿಲ್ಲ. ಅವರು ಮತ್ತೆ ಒತ್ತುತ್ತಿದ್ದಾರೆ.

"ಪ್ರಸಾದನ ಮನೆ ನಂಬರು" ಎಂದಳು. ಅವಳ ಧ್ವನಿ ಅವಳದ್ದಾಗಿರಲಿಲ್ಲ. "ಚಿಕ್ಕಪ್ಪ, ಪಂಚಮಿ ಒಬ್ಬಳೇ ಇದ್ದಾಳೆ. ಪ್ರಸಾದ ಚಿಕ್ಕಮಗಳೂರಿಗೆ ಹೋಗಿದ್ದಾನೆ. ಜೀಪು ತೆಗೀರಿ. ಜೀಪು ತೆಗೀರಿ!"

ಬಸುರಿ ಹೆಂಗಸು, ಒಂಟಿ ಮನೆ. ನಾನು ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ. ರಸ್ತೆಯ ಮೇಲೆ ಸಿಲ್ವರ್ ಓಕಿನ ಗೆಲ್ಲುಗಳು ಹರಡಿದ್ದವು, ತಗ್ಗಿನಲ್ಲಿ ಕೆಂಪು ನೀರು ಹರಿಯುತ್ತಿತ್ತು. ಸುಪ್ರಿಯಾ ಪಕ್ಕದಲ್ಲಿ ಕೂತು ಎರಡೂ ಕೈಯಲ್ಲಿ ಮುಂದಿನ ಕಂಬಿ ಹಿಡಿದಿದ್ದಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ದೇವರ ಹೆಸರು ಹೇಳುತ್ತಿದ್ದಾಳೆ ಎಂದುಕೊಂಡೆ. ತೋಟದ ಗೇಟಿನ ಹತ್ತಿರ ಜೀಪು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದಳು.

ಪಂಚಮಿ ಬಾಗಿಲಲ್ಲಿ ನಿಂತಿದ್ದಳು. ನೆಟ್ಟಗೆ, ತನ್ನ ಎರಡು ಕಾಲ ಮೇಲೆ. ಅಂಗಳದಾಚೆಯ ಮರವೊಂದು ಸಿಡಿಲಿಗೆ ನಡುವೆ ಸೀಳಿ ಹೊಗೆಯಾಡುತ್ತಿತ್ತು.

"ಏನಾಯ್ತೇ? ನೋವಾ?" ಸುಪ್ರಿಯಾ ಅವಳ ಹೊಟ್ಟೆ, ಭುಜ, ಕೆನ್ನೆ ಎಲ್ಲ ಮುಟ್ಟಿಮುಟ್ಟಿ ನೋಡಿದಳು.

"ಇಲ್ಲಕ್ಕ, ಏನಿಲ್ಲ. ಮರಕ್ಕೆ ಹೊಡೀತಲ್ಲ, ಎದೆ ಒಡ್ದೋಯ್ತು. ಕರೆಂಟು ಬಂದ್ಮೇಲೆ ಫೋನ್ ಹಾಕಿ ಗುಂಡಿ ಒತ್ತಿದೆ, ಬೂತಿನ ಮಾವನ ಧ್ವನಿ ಕೇಳಿದ್ರೆ ಸಾಕು ಅಂತ. ಯಾರೂ ಮಾತಾಡ್ಲಿಲ್ಲ. ಅದಕ್ಕೆ ಇನ್ನೂ ಹೆದ್ರಿಕೆ ಆಗಿ ಒತ್ತುತ್ತಾನೇ ಇದ್ದೆ. ಪಾಪ, ನಿಮ್ಮನ್ನ ಓಡಿಸ್ಬಿಟ್ಟೆ."

ಹೋದ ಜೀವ ಬಂದ ಹಾಗಾಯಿತು. ನಾನು ಜಗಲಿಯ ಮೇಲೆ ಕುಕ್ಕರಿಸಿ ಬಿದ್ದುಬಿದ್ದು ನಕ್ಕೆ. "ನಿಮ್ಮ ಮನೇಲಿ ಪುಕ್ಕಲುತನ ಸೊಸೇರಿಗೂ ಅಂಟುತ್ತಲ್ರೇ" ಎಂದೆ. ಪಂಚಮಿಯೂ ನಕ್ಕಳು, ಕಾಫಿ ತಂದುಕೊಟ್ಟು ಮತ್ತೆ ಒಳಗೆ ಹೋದಳು. ಸುಪ್ರಿಯಾ ಲೋಟ ಹಿಡಿದು ನಿಂತಿದ್ದಳು, ನಗಲಿಲ್ಲ. ಕುಡಿಯಲೂ ಇಲ್ಲ. ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು.

"ಚಿಕ್ಕಪ್ಪ, ಇನ್ನೊಂದು ಮನೆ ಇತ್ತು."

"ಯಾವ ಮನೆ?"

"ಕೆಂಪು ಸಾಲು ಎರಡು ನಂಬರಿಂದು. ಒಂದು ಇದು. ಇನ್ನೊಂದು ಕೆಂಪಯ್ಯನವರದ್ದು."

ನಾನು ಎದ್ದು ನಿಂತೆ. "ಹೇಳ್ಬಾರ್ದಾಗಿತ್ತೇನೇ? ಅಂಜನಮ್ಮನಿಗಾದ್ರೂ ಒಂದು ಮಾತು! ಪಕ್ಕದಲ್ಲೇ ಇನ್ನೊಂದು ಜೀಪು ನಿಂತಿತ್ತು!"

"ನೋಡಿದೆ. ನೋಡಿದ್ದು ಗೊತ್ತಿತ್ತು. ಬಾಯಿಗೆ ಬರ್ಲಿಲ್ಲ" ಎಂದಳು. "ದಾರೀಲಿ ಹೇಳೋಣ ಅಂತ ಮಾಡಿದೆ. ಹೇಳಿದ್ರೆ ನೀವು ಜೀಪು ತಿರುಗಿಸ್ತೀರೇನೋ ಅಂತ ಹೆದ್ರಿಕೆ ಆಯ್ತು."

ಬೈಯಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ನಾನೇ ಆ ಜಾಗದಲ್ಲಿದ್ದರೆ ಯಾವ ಹೆಸರು ಮೊದಲು ಹೇಳುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಎರಡನೆಯ ಹೆಸರನ್ನೂ ಹೇಳುತ್ತಿದ್ದೆ ಎಂದು ಈಗಲೂ ನಂಬಿದ್ದೇನೆ, ಆದರೆ ನಂಬುವುದು ಸುಲಭ.

ಮುಂದಿನದನ್ನು ಹೇಳುವ ಮುಂಚೆ ಅವಳ ಕೆಲಸದ ಉಳಿದ ಕತೆಯನ್ನು ಮುಗಿಸಿಬಿಡುತ್ತೇನೆ. ಆಮೇಲೆ ಅದನ್ನೆಲ್ಲ ಹೇಳುವ ಮನಸ್ಸು ನನಗಿರುವುದಿಲ್ಲ. ಮಳೆಗಾಲ ಹಿಡಿಯುವ ಮುನ್ನವೇ ಅವಳು ಆ ಕೋಣೆಯಲ್ಲಿ ಕೂತು ಪ್ರೋಗ್ರಾಮನ್ನು ತಿದ್ದಿದಳು. ಕರೆಂಟು ಬಂದರೂ ಒಂದೊಂದು ಫೋನು ಒಂದೊಂದಷ್ಟು ಹೊತ್ತು ಕಾದು ಸರದಿಯಲ್ಲಿ ಹಾಜರಿ ಹಾಕಿಸಿಕೊಳ್ಳುವ ಹಾಗೆ, ಕೆಂಪು ಗುಂಡಿಗೆ ಮಾತ್ರ ಬೇರೆಯದೇ ಬಾಗಿಲು ಇರುವ ಹಾಗೆ. ಕಂಪನಿಯವರು ಅದನ್ನು ತಮ್ಮ ಎಲ್ಲ ಟವರುಗಳಿಗೂ ಹಾಕಿದರು, ಅವಳಿಗೆ ಒಂದು ಫಲಕ ಕೊಟ್ಟರು. ಅವಳು ಅದನ್ನು ಮನೆಗೆ ತರಲೇ ಇಲ್ಲ. ನಾಲ್ಕೈದು ವರ್ಷದಲ್ಲಿ ಮೊಬೈಲು ಬಂತು, ಬೂತಿನ ಹಿಂದಿನ ಟವರನ್ನು ಬಿಚ್ಚಿಕೊಂಡು ಹೋದರು, ನನ್ನ ಬೂತು ಈಗ ಬೇಕರಿ. ಅವಳು ಮತ್ತೆ ಉಪಗ್ರಹದ ಕೆಲಸಕ್ಕೇ ಹೋದಳು. ಸಮುದ್ರದಲ್ಲಿ ಸಿಕ್ಕಿಕೊಂಡ ಮೀನುಗಾರರ ದೋಣಿಯಿಂದ ಕಾಪಾಡಿ ಎಂದು ಆಕಾಶಕ್ಕೆ ಕೂಗು ಕಳಿಸುವ ಡಬ್ಬಿಗಳಂತೆ. ಕೂಗು ಮುಟ್ಟಿತು ಎಂದು ದೋಣಿಯವನಿಗೆ ತಿಳಿಸುವ ಒಂದು ಪುಟ್ಟ ದೀಪ ಇರಲೇಬೇಕು ಎಂದು ಹಟ ಹಿಡಿದು ಮೇಲಿನವರ ಜೊತೆ ಜಗಳವಾಡಿದಳಂತೆ. ಜಗಳ! ಸುಪ್ರಿಯಾ! ಕೇಳಿ ನನಗೆ ನಂಬಿಕೆಯೇ ಬರಲಿಲ್ಲ.

ಅವತ್ತು ನಾವು ಬಣಕಲ್ ದಾಟಿ, ಕೊಟ್ಟಿಗೆಹಾರ ದಾಟಿ, ಗುಡ್ಡ ಹತ್ತುವಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು. ಜೀಪು ಮೇಲೆ ಹತ್ತದೆ ಜಾರುತ್ತಿತ್ತು. ಇದೂ ಹೀಗೇ ಏನೂ ಇಲ್ಲದ್ದಾಗಿರಲಿ, ಮುತ್ತಮ್ಮ ಹೂ ಇಡುವಾಗ ಗುಂಡಿ ತಾಗಿರಲಿ ಎಂದು ನಾನು ಧರ್ಮಸ್ಥಳದ ಮಂಜುನಾಥನಿಗೆ ಹರಕೆ ಹೊತ್ತೆ. ಮನೆಯ ಮುಂದೆ ಯಾರೂ ಕಾಣಲಿಲ್ಲ. ನಾನು ಜೀಪಿನ ಹತ್ತಿರವೇ ನಿಂತೆ. ಸುಪ್ರಿಯಾ ಮುಂದೆ ನಡೆದಳು.

ಕೆಂಪಯ್ಯ ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿದ್ದ. ದನ ಹೊಡೆದುಕೊಂಡು ಬರಲು ಹೋದಾಗ ಗಾಳಿಗೆ ಒಣ ಗೆಲ್ಲು ಮುರಿದು ತೊಡೆಯ ಮೇಲೆ ಬಿದ್ದಿತ್ತು. ಮುತ್ತಮ್ಮ ಅಲ್ಲಿಂದ ಒಬ್ಬಳೇ ಎಳೆದು ತಂದು, ತನ್ನ ಸೀರೆ ಹರಿದು ಬಿಗಿದಿದ್ದಳು. ಸೀರೆ ಪೂರ್ತಿ ತೊಯ್ದಿತ್ತು. ಪಕ್ಕದ ಮನೆಗಳವರೆಲ್ಲ ಎಸ್ಟೇಟಿನ ಕೆಲಸಕ್ಕೆ ಹೋಗಿದ್ದರು. ಅವನಿಗೆ ಎಚ್ಚರವಿತ್ತು. ನನ್ನನ್ನು ನೋಡಿ, "ಬಂದ್ರಾ ಸೋಮಣ್ಣೋರೆ" ಎಂದ. ನಾವು ಅವನನ್ನು ಎತ್ತಿ ಜೀಪಿನಲ್ಲಿ ಮಲಗಿಸಿದೆವು. ತಲೆ ಮುತ್ತಮ್ಮನ ತೊಡೆಯ ಮೇಲೆ, ಕಾಲು ಸುಪ್ರಿಯಾಳ ಮಡಿಲಲ್ಲಿ. ಅವಳು ಗಾಯವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, "ಬೇಗ ಚಿಕ್ಕಪ್ಪ, ಬೇಗ" ಎನ್ನುತ್ತಲೇ ಇದ್ದಳು. ಬಣಕಲ್ಲಿನ ಹತ್ತಿರ ಬಂದಾಗ ಹಾಗೆ ಹೇಳುವುದನ್ನು ನಿಲ್ಲಿಸಿದಳು. ನಾನು ತಿರುಗಿ ನೋಡಲಿಲ್ಲ. ಮೂಡಿಗೆರೆಯಲ್ಲಿ ಡಾಕ್ಟರು ಬರೀ ನಾಡಿ ಹಿಡಿದು, "ಸ್ವಲ್ಪ ಮುಂಚೆ ತಂದಿದ್ರೆ" ಎಂದರು.

ಮುತ್ತಮ್ಮ ಹೊರಗಿದ್ದಳು, ಆ ಮಾತನ್ನು ಕೇಳಿಸಿಕೊಂಡದ್ದು ನಾನು, ಸುಪ್ರಿಯಾ ಇಬ್ಬರೇ. ಎರಡು ಕೆಂಪು ಸಾಲಿನ ವಿಷಯ ಗೊತ್ತಿದ್ದವರೂ ನಾವಿಬ್ಬರೇ. ಮಳೆ, ಸಿಡಿಲು, ಫೋನು ಕೆಟ್ಟಿತ್ತು, ಹೇಗೋ ಅನುಮಾನ ಬಂದು ಹುಡುಕಿಕೊಂಡು ಬಂದರು, ಪುಣ್ಯಾತ್ಮರು ಎಂದೇ ಗುಡ್ಡದವರೆಲ್ಲ ಮಾತಾಡಿದರು. ಹಾಗೇ ಇರಲಿ ಎಂದು ನಾನು ಅವಳಿಗೆ ಹೇಳಿದೆ. ಸತ್ತವನು ಬರುವುದಿಲ್ಲ, ಇದ್ದವಳ ಹೊಟ್ಟೆಗೆ ಬೆಂಕಿ ಯಾಕೆ ಹಾಕಬೇಕು? ಅವಳು ತಲೆಯಾಡಿಸಿದಳು. ಆಮೇಲೆ ಊಟ ಬಿಟ್ಟಳು. ಬೀದಿಯಲ್ಲಿ ಯಾರಾದರೂ ಫೋನು ಎಂದು ಮಾತೆತ್ತಿದರೆ ಬೆಚ್ಚುತ್ತಿದ್ದಳು. ಅವಳ ಹಳೆಯ ಹೆದರಿಕೆಗಳೆಲ್ಲ ಇನ್ನೂ ಆಗದ್ದಕ್ಕೆ. ಇದು ಆಗಿಹೋದದ್ದರ ಹೆದರಿಕೆ. ಅದರಿಂದ ತಪ್ಪಿಸಿಕೊಳ್ಳಲು ಅವಳಿಗೆ ಯಾವ ಉಪಾಯವೂ ತಿಳಿದಿರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಮಾತಾಡಿಸಿಕೊಂಡು ಬರಲು ಹೋದೆವು. ಮುತ್ತಮ್ಮ ಒಂದು ಹನಿಯೂ ಅಳದೆ, ಕಟ್ಟಿಗೆಯ ಹಾಗೆ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ತಂಗಿ ನಮಗೆ ನೀರು ತಂದಿಟ್ಟಳು. ನಾನು ಹೇಳಬೇಕಾದ ನಾಲ್ಕು ಮಾತು ಹೇಳಿದೆ. ಮುತ್ತಮ್ಮ ನನ್ನ ಕಡೆ ನೋಡಲಿಲ್ಲ, ಸುಪ್ರಿಯಾಳ ಕಡೆ ತಿರುಗಿದಳು.

"ನಾನೇ ಸರೀಗ್ ಒತ್ಲಿಲ್ಲ ಕಾಣ್ತದೆ ಅಮ್ಮಾ" ಎಂದಳು. "ನೀವು ನನ್ ಬೆರಳ್ ಹಿಡ್ದು ಹೇಳ್ಕೊ‍ಟ್ಟಿದ್ರಿ. ಓದು ಬರಹ ಇಲ್ದೋಳು, ಮರ್ತೆನೋ ಏನೋ. ಅವ್ರು ಚಾಪೆ ಮೇಲಿಂದ ಹೇಳ್ತಾನೇ ಇದ್ರು, ಗಟ್ಟಿ ಒತ್ತೇ, ಸರೀಗ್ ಒತ್ತೇ ಅಂತ. ಕೊನೇಗೆ ಸಿಟ್ಟು ಬಂತು ಅವ್ರಿಗೆ. ಒಂದ್ ಗುಂಡಿ ಒತ್ತೋಕೆ ಬರಲ್ವಲ್ಲೇ ನಿಂಗೆ ಅಂದ್ರು. ನನ್ ಕೈಯಿಂದ್ಲೇ ಹೋದ್ರು."

"ಹಣೇಬರಹ ಮುತ್ತಮ್ಮ, ಯಾರೇನ್ ಮಾಡಕ್ಕಾಗ್ತದೆ" ಎಂದು ನಾನು ಅವಸರವಾಗಿ ಹೇಳಿ, ಸುಪ್ರಿಯಾಳ ತೋಳು ಹಿಡಿದು ಎಬ್ಬಿಸಲು ನೋಡಿದೆ. ಅವಳು ಏಳಲಿಲ್ಲ.

"ನೀವು ಸರಿಯಾಗೇ ಒತ್ತಿದ್ರಿ" ಎಂದಳು. "ಪ್ರತಿ ಸಲಾನೂ ಸರಿಯಾಗೇ ಒತ್ತಿದ್ರಿ. ನನಗೆ ಅಲ್ಲಿ ಕಾಣಿಸ್ತಿತ್ತು. ನಾನು ಬರೆದದ್ದು ತಪ್ಪಾಗಿತ್ತು, ಅದಕ್ಕೇ ಉತ್ತರ ಬರ್ಲಿಲ್ಲ. ನಮ್ಮ ತಮ್ಮನ ಮನೆಯಿಂದ್ಲೂ ಒತ್ತುತ್ತಿದ್ರು. ನಾನು ಎರಡೂ ನೋಡಿದೆ. ನಿಮ್ಮ ವಿಷಯ ಯಾರಿಗೂ ಹೇಳ್ದೆ ಮೊದಲು ಅಲ್ಲಿಗೆ ಹೋದೆ."

ಮುತ್ತಮ್ಮ ಕಿರುಚುತ್ತಾಳೆ, ಹೊಡೆಯುತ್ತಾಳೆ, ಗುಡ್ಡದವರೆಲ್ಲ ಸೇರುತ್ತಾರೆ ಎಂದು ಕಾದೆ. ಅವಳು ಸುಪ್ರಿಯಾಳ ಮುಖವನ್ನೇ ನೋಡುತ್ತಿದ್ದಳು.

"ಹಂಗಾದ್ರೆ ನಾನು ಸರೀಗೇ ಒತ್ತಿದ್ನಾ?"

"ಹೌದು."

"ದಿಟ ಹೇಳಿ."

"ದಿಟ ಮುತ್ತಮ್ಮ."

ಮುತ್ತಮ್ಮ ಮೆಲ್ಲಗೆ ತಿರುಗಿ, ಚಾಪೆ ಹಾಸಿದ್ದ ಜಾಗದ ಕಡೆ ನೋಡಿದಳು. ಅಲ್ಲಿ ಈಗ ಸಗಣಿ ಸಾರಿಸಿದ ಬರೀ ನೆಲ. "ಕೇಳಿದ್ರಾ?" ಎಂದಳು ಆ ನೆಲಕ್ಕೆ. "ಕೇಳಿದ್ರಾ ನೀವು? ನಾನು ಸರೀಗೇ ಒತ್ತಿದ್ದೆ." ಹಾಗೆಂದು ಬಾಯಿಗೆ ಸೆರಗು ಒತ್ತಿಕೊಂಡು ಅಳಲು ಶುರು ಮಾಡಿದಳು. ನಮ್ಮನ್ನು ಅವಳು ಇರಿ ಎನ್ನಲೂ ಇಲ್ಲ, ಹೋಗಿ ಎನ್ನಲೂ ಇಲ್ಲ.